ಉದ್ದ ತೊಟ್ಟಿಯ ಗೂಡು, ಗಿಡ್ಡ ತೊಟ್ಟಿಯ ಗಾಡಿ

ಬಾಗಿಲು ತೆಗೆದ ಕೂಡಲೇ ಬಂದ ವಾಸನೆಗೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಒದ್ದೆ ನಾಯಿಯ ವಾಸನೆ, ಹಳಸಿದ ಕೊಬ್ಬಿನ ವಾಸನೆ, ತಿಂಗಳುಗಟ್ಟಲೆ ಮುಚ್ಚಿಟ್ಟ ಶೌಚದ ಡಬ್ಬಿಯ ವಾಸನೆ, ಮೂರೂ ಬೆರೆತು ಮುಖಕ್ಕೆ ಬಡಿದವು. ಜರ್ಮನಿಯಲ್ಲಿ ನಾವಿದ್ದ ಡಾರ್ಮ್‌ಸ್ಟಾಟ್‌ನಿಂದ ಮುಕ್ಕಾಲು ಗಂಟೆ ದೂರದ ಒಂದು ಹಳ್ಳಿ. ನಿವೃತ್ತರಾದ ಮುದುಕರೊಬ್ಬರ ಹಿತ್ತಲಲ್ಲಿ ನಾಲ್ಕು ಜಾಕ್ ಕಾಲುಗಳ ಮೇಲೆ ಅದು ನಿಂತಿತ್ತು. ಪಿಕಪ್ ಗಾಡಿಯ ಹಿಂದಿನ ತೊಟ್ಟಿಯಲ್ಲಿ ಕೂಡಿಸಿಕೊಂಡು ಒಯ್ಯುವ ಕ್ಯಾಂಪರ್ ಗೂಡು ಅದು. ಗಾಡಿ ಓಡುವಾಗ ತಗ್ಗಾಗಿರುತ್ತದೆ. ನಿಲ್ಲಿಸಿ ಹ್ಯಾಂಡಲ್ ತಿರುಗಿಸಿದರೆ ಸೂರು ಮೇಲೇಳುತ್ತದೆ, ಸುತ್ತಲೂ ಕ್ಯಾನ್ವಾಸಿನ ಗೋಡೆ ಬಿಚ್ಚಿಕೊಳ್ಳುತ್ತದೆ. ಮುದುಕರು ಹ್ಯಾಂಡಲ್ ತಿರುಗಿಸಿದರು. ಬಿಚ್ಚಿಕೊಂಡ ಕ್ಯಾನ್ವಾಸಿನ ತುಂಬ ಕಪ್ಪು ಬೂಸ್ಟು.

"ಸೂಪರ್ ಆಗಿದೆ ಗುರು!" ಎಂದ ನನ್ನ ಗಂಡನ ಗೆಳೆಯ.

ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ಕಂಪ್ಯೂಟರ್ ಜನರನ್ನು ಕರೆಸಿಕೊಳ್ಳುತ್ತಿದ್ದ ವರ್ಷಗಳವು. ಕಾರ್ಡು ಗಂಡನ ಹೆಸರಿನಲ್ಲಿತ್ತು. ನನ್ನ ಪಾಸ್‌ಪೋರ್ಟಿನಲ್ಲಿ ಇದ್ದದ್ದು, ಕೆಲಸ ಮಾಡಲು ಅನುಮತಿ ಇಲ್ಲ ಎಂಬ ಒಂದು ಸಾಲು. ಅದಕ್ಕೂ ಮುಂಚೆ ಹುಬ್ಬಳ್ಳಿಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿ ಆರು ವರ್ಷ ಡ್ರಾಯಿಂಗ್ ಮಾಡಿದ್ದೆ. ಯಾವ ಚಾಸಿಯ ಮೇಲೆ ಎಷ್ಟು ಉದ್ದದ ಬಾಡಿ ಕೂಡುತ್ತದೆ, ಭಾರ ಯಾವ ಗಾಲಿಗೆ ಎಷ್ಟು ಬೀಳುತ್ತದೆ ಎಂದು ಕಾಗದದ ಮೇಲೆ ತೋರಿಸುವುದು ನನ್ನ ಕೆಲಸವಾಗಿತ್ತು. ಇಲ್ಲಿಗೆ ಬಂದ ಮೇಲೆ ಬೆಳಿಗ್ಗೆ ಜರ್ಮನ್ ಕ್ಲಾಸಿಗೆ ಹೋಗುವುದು, ಮಧ್ಯಾಹ್ನ ರೊಟ್ಟಿ ಬಡಿಯುವುದು. ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ದಿನ ತಳ್ಳುತ್ತಿದ್ದ ಗಂಡನಿಗೂ, ಬೆಂಗಳೂರಿನಿಂದ ಬಂದಿದ್ದ ಮದುವೆಯಾಗದ ಅವರ ಗೆಳೆಯನಿಗೂ ಜರ್ಮನ್ ಬರುತ್ತಿರಲಿಲ್ಲ. ಹಾಗಾಗಿ ಆ ಹಿತ್ತಲಿಗೆ ನಾನು ದುಭಾಷಿಯಾಗಿ ಹೋಗಿದ್ದೆ.

ಕ್ಯಾಂಪರ್ ಯಾಕೆ ಬೇಕಾಗಿತ್ತು ಎನ್ನುವುದನ್ನೂ ಹೇಳಿಬಿಡುತ್ತೇನೆ. ನನ್ನ ಗಂಡ ಹೊರಗಿನ ಊಟ ಮುಟ್ಟುತ್ತಿರಲಿಲ್ಲ. ಮಾಂಸ ಹುರಿದ ಬಾಣಲೆಯಲ್ಲೇ ಆಲೂಗಡ್ಡೆ ಹುರಿಯುತ್ತಾರೆ ಎಂಬುದು ಅವರ ತಕರಾರು. ಯುರೋಪು ನೋಡಬೇಕು, ಜೊತೆಗೆ ಅಡುಗೆಮನೆ ಇರಬೇಕು. ಅಡುಗೆಮನೆ ಎಂದರೆ ನಾನೂ ಸೇರಿಯೇ ಎಂಬುದು ನನಗೆ ಹೊಳೆದದ್ದು ಆ ಗೂಡಿನೊಳಗೆ ಬಗ್ಗಿ ನಿಂತಾಗ. ಒಲೆಯ ಮುಂದೆ ಒಬ್ಬರು ಮಾತ್ರ ನಿಲ್ಲುವಷ್ಟು ಜಾಗವಿತ್ತು.

ಮುದುಕರು ನೇರ ಮನುಷ್ಯ. ಬೂಸ್ಟನ್ನು ಮುಚ್ಚಿಡಲಿಲ್ಲ, ಅದರಲ್ಲಿ ಮಲಗುತ್ತಿದ್ದ ತಮ್ಮ ನಾಯಿ ಸತ್ತದ್ದನ್ನೂ ಹೇಳಿದರು. ಆಮೇಲೆ ಕೇಳಿದರು: "ನಿಮ್ಮ ಗಾಡಿ ಯಾವುದು?"

ಗಾಡಿ ಇನ್ನೂ ತಗೊಂಡಿಲ್ಲ ಎಂದೆ. ಅವರು ಹ್ಯಾಂಡಲ್ ಬಿಟ್ಟು ನನ್ನ ಕಡೆ ತಿರುಗಿದರು. "ಮೊದಲು ಗಾಡಿ, ಆಮೇಲೆ ಗೂಡು. ಇದು ಉದ್ದ ತೊಟ್ಟಿಗೆ ಮಾಡಿದ್ದು. ಮುಂದೆ ಇಬ್ಬರೇ ಕೂರುವ ಸಿಂಗಲ್ ಕ್ಯಾಬ್ ಗಾಡಿ ಇದ್ದರೆ ಮಾತ್ರ ಕೊಡುತ್ತೇನೆ. ಬೇರೆಯದಕ್ಕೆ ಕೊಟ್ಟು ರಸ್ತೆಯಲ್ಲಿ ಯಾರನ್ನೋ ಕೊಲ್ಲಿಸಲಾರೆ."

ಇದನ್ನು ಗಂಡನಿಗೆ ಹೇಳಿದೆ. ಅವರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡೇ ಅಂದರು, "ಸಿಂಗಲ್ ಕ್ಯಾಬ್ ನೋಡಿ ಇಟ್ಟೇವಿ ಅಂತ ಹೇಳು. ಇಂಥಾ ಅಗ್ಗದ ಮಾಲು ಮತ್ತ ಸಿಗಂಗಿಲ್ಲ."

"ನೋಡಿಲ್ಲಲ್ರೀ."

"ಹೇಳು ಅಂದ್ರ ಹೇಳು."

ಹೇಳಿದೆ. ಉದ್ದ ತೊಟ್ಟಿಯ ಗಾಡಿಯನ್ನು ಗೊತ್ತು ಮಾಡಿದ್ದೇವೆ, ಮುಂದಿನ ವಾರ ಕೈಗೆ ಬರುತ್ತದೆ ಎಂದು ವ್ಯಾಕರಣ ತಪ್ಪದ ಜರ್ಮನ್‌ನಲ್ಲಿ ಹೇಳಿದೆ. ಕ್ಲಾಸಿನಲ್ಲಿ ಕಲಿತದ್ದನ್ನು ಅಷ್ಟು ಚೆನ್ನಾಗಿ ಬಳಸಿದ್ದು ಅದೇ ಮೊದಲು. ಮುದುಕರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಕೈ ಚಾಚಿದರು. ನಾನು ಕೈ ಕುಲುಕಿದೆ. ಆ ಗೂಡಿನ ಯಾವ ವಾಸನೆಗಿಂತಲೂ ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಬಾಡಿಗೆ ಲಾರಿಯಲ್ಲಿ ಗೂಡನ್ನು ತರಿಸಿ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಪಾರ್ಕಿಂಗಿನಲ್ಲಿ ನಿಲ್ಲಿಸಿದೆವು. ತೊಳೆಯುವ ಕೆಲಸ ನನ್ನದು. ಬೂಸ್ಟಿಗೆ ವಿನೆಗರ್ ಹಾಕಿ ತಿಕ್ಕಿದಾಗ ಕಪ್ಪು ನೀರು ಮೊಣಕೈವರೆಗೆ ಇಳಿಯುತ್ತಿತ್ತು. ಒಲೆಯ ತಟ್ಟೆ ಎತ್ತಿದರೆ ಕೆಳಗೆ ಬೆರಳುದಪ್ಪದ ಕೊಬ್ಬು ಹೆಪ್ಪುಗಟ್ಟಿತ್ತು, ಅದರಲ್ಲಿ ನಾಯಿಯ ಕೂದಲು. ಫ್ರಿಜ್ಜಿನ ಹಿಂದೆ ಇಲಿಯ ಗೂಡು, ಹಾಸಿಗೆಯ ಸ್ಪಂಜನ್ನೇ ಕಚ್ಚಿ ತಂದು ಕಟ್ಟಿದ್ದು, ಅದರೊಳಗೆ ಒಣಗಿದ ಮೂರು ಮರಿಗಳು. ಶೌಚದ ಡಬ್ಬಿಯನ್ನು ಎಳೆದ ದಿನ ಅಲ್ಲೇ ಗಿಡದ ಬುಡದಲ್ಲಿ ವಾಂತಿ ಮಾಡಿಕೊಂಡೆ.

ಗಂಡ ಬಾಲ್ಕನಿಯಿಂದ ನೋಡುತ್ತಿದ್ದರು. "ಎಲ್ಲಾ ಸ್ವಚ್ಛ ಆದ ಮ್ಯಾಲೆ ಒಂದು ಊದಿನಕಡ್ಡಿ ಹಚ್ಚಿಬಿಡು," ಎಂದರು.

ಹಂದಿಯ ಕೊಬ್ಬು ಮುಟ್ಟಿದ ಕೈಯಿಂದ ನಾನೇ ಆ ಸಂಜೆ ಅವರಿಗೆ ರೊಟ್ಟಿ ಬಡಿದೆ. ಅವರ ಶುದ್ಧಿ ಬಾಲ್ಕನಿಯಲ್ಲಿ ನಿಂತದ್ದರಿಂದಲೇ ಉಳಿದಿತ್ತು.

ಗಾಡಿ ನೋಡಲು ಹೋದದ್ದು ಅದರ ಮರುವಾರ. ಹಳೆಯ ಗಾಡಿ ಮಾರುವವನ ಅಂಗಳದಲ್ಲಿ ಮೂರು ಅಳತೆಯ ಪಿಕಪ್‌ಗಳು ಸಾಲಾಗಿ ನಿಂತಿದ್ದವು. ಒಂದು ಸಿಂಗಲ್ ಕ್ಯಾಬ್, ಮುಂದೆ ಇಬ್ಬರು, ಹಿಂದೆ ಆಳು ಕಾಲು ಚಾಚಿ ಮಲಗುವಷ್ಟು ತೊಟ್ಟಿ. ಇನ್ನೊಂದು ಒಂದೂವರೆ ಕ್ಯಾಬ್, ಸೀಟಿನ ಹಿಂದೆ ಮಡಚಿ ಕೂರುವ ಎರಡು ಪೀಠ, ತೊಟ್ಟಿ ಅಷ್ಟು ಗಿಡ್ಡ. ಮೂರನೆಯದು ಡಬಲ್ ಕ್ಯಾಬ್, ನಾಲ್ಕು ಬಾಗಿಲು, ಐದು ಸೀಟು, ಮಿರಿಮಿರಿ ಮಿಂಚುವ ಕಪ್ಪು ಬಣ್ಣ. ತೊಟ್ಟಿ ಮಾತ್ರ ಮಂಚದ ಅರ್ಧದಷ್ಟು.

ನಾನು ಟೇಪು ತಂದಿದ್ದೆ. ಅಳೆದು, ಗ್ರಾಫ್ ಹಾಳೆಯ ಮೇಲೆ ಮೂರೂ ಗಾಡಿಗಳನ್ನು ಬರೆದು, ಪ್ರತಿಯೊಂದರ ಮೇಲೂ ಗೂಡನ್ನು ಕೂಡಿಸಿ ತೋರಿಸಿದೆ.

"ನೋಡ್ರಿ, ಗೂಡಿನ ಭಾರದ ನಡು ಹಿಂದಿನ ಗಾಲಿಗಳ ಆಕ್ಸಲ್‌ಗಿಂತ ಮುಂದ ಬರಬೇಕು. ಸಿಂಗಲ್ ಕ್ಯಾಬಿನಾಗ ಬರತೈತಿ. ಒಂದೂವರೆ ಕ್ಯಾಬಿನಾಗ ಆಕ್ಸಲ್ ಮ್ಯಾಲ ಬರತೈತಿ, ಮೂವರು ಹೋಗಬೇಕಂದ್ರ ಇದ, ಆದ್ರ ಸಾಮಾನು ಭಾಳ ಕಡಿಮಿ ಒಯ್ಯಬೇಕು. ಡಬಲ್ ಕ್ಯಾಬಿನಾಗ ಪೂರಾ ಹಿಂದ ಹೋಗತೈತಿ. ಮುಂದಿನ ಗಾಲಿ ಎದ್ದಂಗ ಆಕ್ಕಾವು, ಸ್ಟೇರಿಂಗ್ ಕೈಯಾಗ ಇರಂಗಿಲ್ಲ."

ಗಂಡ ಸಿಂಗಲ್ ಕ್ಯಾಬ್ ಕಡೆ ನೋಡಿ ಮುಖ ಸಿಂಡರಿಸಿದರು. "ಗಾರೆ ಕೆಲಸದವರ ಗಾಡಿ ಇದು. ಇದರಾಗ ಕುಂತ ಫೋಟೋ ಊರಿಗೆ ಕಳಸಲಿ?"

ಗೆಳೆಯ ಕಪ್ಪು ಗಾಡಿಯ ಸ್ಟೇರಿಂಗ್ ಹಿಂದೆ ಆಗಲೇ ಕೂತಿದ್ದ. "ಅತ್ತಿಗೆ, ಇದು ನಿಮ್ ಹುಬ್ಳಿ ಲಾರಿ ಅಲ್ಲ. ಜರ್ಮನಿ ರೋಡಲ್ಲಿ ಓಡೋ ಗಾಡಿ. ಟೆನ್ಷನ್ ತಗೋಬೇಡಿ."

ನನ್ನ ಗಂಡ ನಕ್ಕರು. ಗೆಳೆಯನ ಮಾತಿಗೆ ನನಗೆ ಅಷ್ಟು ಬೇಸರವಾಗಲಿಲ್ಲ. ನಾನು ಲಾರಿ ಡ್ರಾಯಿಂಗ್ ಮಾಡುತ್ತಿದ್ದುದನ್ನೇ ಮದುವೆಗೆ ಮುಂಚೆ ಬಂಧುಗಳ ಮುಂದೆ ಹೆಮ್ಮೆಯಿಂದ ಹೇಳಿಕೊಂಡವರು ನನ್ನ ಗಂಡ. ಈಗ ಹಲ್ಲು ಕಾಣಿಸಿ ನಕ್ಕದ್ದು ಮೈಗೆ ಜಿಡ್ಡು ಮೆತ್ತಿದಂತಾಯಿತು. ಹಾಳೆ ಮಡಚಿ ಚೀಲಕ್ಕೆ ಹಾಕಿದೆ. ಇನ್ನೊಂದು ಮಾತಾಡಲಿಲ್ಲ. ಆಡಬೇಕಿತ್ತು.

ಕಪ್ಪು ಗಾಡಿ ಬಂತು. ಗೂಡನ್ನು ಅದರ ಮೇಲೆ ಇಳಿಸಿದಾಗ ತೊಟ್ಟಿಯ ಹಿಂದಿನ ಬಾಗಿಲನ್ನೇ ಕಳಚಿಡಬೇಕಾಯಿತು. ಒಂದು ಮೊಳಕ್ಕೂ ಹೆಚ್ಚು ಗೂಡು ಗಾಳಿಯಲ್ಲಿ ಚಾಚಿಕೊಂಡಿತ್ತು. ಸ್ಪ್ರಿಂಗ್ ಪಟ್ಟಿಗಳು ಚಪ್ಪಟೆಯಾಗಿ, ಗಾಡಿ ಹಿಂದಕ್ಕೆ ಕುಸಿದು ಕೂತಿತು. "ಸ್ವಲ್ಪ ಸ್ಪೋರ್ಟಿ ಲುಕ್ ಬಂತು," ಎಂದ ಗೆಳೆಯ.

ಮೊದಲ ಪ್ರಯಾಣ ಎರ್ಲಾಂಗೆನ್‌ಗೆ. ಅಲ್ಲಿನ ಕನ್ನಡದವರಿಗೆ ಗಾಡಿ ತೋರಿಸಿ, ಅಲ್ಲಿಂದ ಮುಂದೆ ಪರ್ವತಗಳ ಕಡೆ ಹೋಗುವುದೆಂದು ಮಾತಾಗಿತ್ತು. ಬೆಳಿಗ್ಗೆ ಹೊರಟೆವು. ಆಟೋಬಾನ್ ಹೆದ್ದಾರಿ ಹತ್ತಿದ ಮೇಲೆ ಗಂಡ ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಗಿಹಿಡಿದರೂ ಗಾಡಿ ನೀರಿನ ಮೇಲಿನ ತೆಪ್ಪದಂತೆ ಅತ್ತಿತ್ತ ತೇಲುತ್ತಿತ್ತು. ಪಕ್ಕದಲ್ಲಿ ದೊಡ್ಡ ಲಾರಿ ಹಾದಾಗಲೆಲ್ಲ ಮೂವರೂ ಉಸಿರು ಹಿಡಿಯುತ್ತಿದ್ದೆವು. ನಿಧಾನ ಮಾಡಿ ಎಂದು ನಾನು ಎರಡು ಸಲ ಹೇಳಿದೆ. ವೂರ್ಟ್ಸ್‌ಬುರ್ಗ್ ದಾಟಿದ ಮೇಲೆ ಪೊಲೀಸ್ ಕಾರೊಂದು ಮುಂದೆ ಬಂದು, ಹಿಂಬಾಲಿಸಿ ಎಂದು ಬೋರ್ಡು ಬೆಳಗಿಸಿತು.

ಪಾರ್ಕಿಂಗ್ ಜಾಗಕ್ಕೆ ಕರೆದೊಯ್ದು ಗಾಲಿಗಳ ಕೆಳಗೆ ತಕ್ಕಡಿಯ ಹಲಗೆಗಳನ್ನಿಟ್ಟರು. ಮುಂದಿನ ಗಾಲಿಗಳ ಭಾರ ಇರಬೇಕಾದ್ದಕ್ಕಿಂತ ಬಹಳ ಕಡಿಮೆ, ಹಿಂದಿನ ಆಕ್ಸಲ್‌ಗೆ ಮಿತಿ ಮೀರಿದ ಭಾರ. ನೀರಿನ ಟ್ಯಾಂಕು ಖಾಲಿ ಮಾಡಿಸಿದರು. ಗ್ಯಾಸ್, ಅಕ್ಕಿ, ಬೇಳೆ, ಕುಕ್ಕರ್, ಹಾಸಿಗೆ ಎಲ್ಲ ಹುಲ್ಲಿನ ಮೇಲೆ ಇಳಿದವು. ಮತ್ತೆ ತೂಗಿದರು. ಆಗಲೂ ಹೆಚ್ಚೇ. ಶೌಚಕ್ಕೆಂದು ಬಂದು ನಿಂತ ಬಸ್ಸೊಂದರ ಜನ ಸ್ಯಾಂಡ್‌ವಿಚ್ ತಿನ್ನುತ್ತ ನಮ್ಮ ಒಗ್ಗರಣೆ ಡಬ್ಬಿಯನ್ನು ನೋಡುತ್ತಿದ್ದರು.

ಇದನ್ನು ಹೇರಿದವರು ಯಾರು ಎಂದು ಮಹಿಳಾ ಪೊಲೀಸ್ ಕೇಳಿದಳು. ನನ್ನ ಗಂಡ ಇಂಗ್ಲಿಷಿನಲ್ಲಿ, ನಗುನಗುತ್ತ, ಹೇಳಿದರು: ನನ್ನ ಹೆಂಡತಿ. ಆಕೆ ಅಡುಗೆಮನೆಯನ್ನೆಲ್ಲ ಹೊತ್ತು ತಂದಿದ್ದಾಳೆ. ಭಾರತದ ಹೆಂಗಸರು ಹಾಗೆಯೇ, ನಿಮಗೆ ಗೊತ್ತಲ್ಲ.

ಗೆಳೆಯ ತಲೆಯಾಡಿಸಿದ. ನನ್ನ ಮುಖ ನೋಡಲಿಲ್ಲ.

ಆ ಶೌಚದ ಡಬ್ಬಿಯನ್ನು ಎಳೆದಾಗ ಗಂಟಲಿಗೆ ಬಂದದ್ದು ಮತ್ತೆ ಬಂತು. ನಾನು ಆ ಮಹಿಳಾ ಪೊಲೀಸಿನ ಹತ್ತಿರ ಹೋಗಿ ಜರ್ಮನ್‌ನಲ್ಲಿ ಹೇಳಿದೆ: "ಪಾತ್ರೆಗಳಿಂದ ಆದದ್ದಲ್ಲ. ಈ ಗೂಡು ಉದ್ದ ತೊಟ್ಟಿಯದು, ಗಾಡಿ ಗಿಡ್ಡ ತೊಟ್ಟಿಯದು. ಭಾರದ ನಡು ಆಕ್ಸಲ್‌ನ ಹಿಂದೆ ಬಿದ್ದಿದೆ. ಎಲ್ಲ ಸಾಮಾನು ಇಳಿಸಿದರೂ ಇದು ಸರಿಹೋಗುವುದಿಲ್ಲ. ತಗೊಳ್ಳುವ ಮುಂಚೆಯೇ ನಾನು ಲೆಕ್ಕ ಹಾಕಿ ತೋರಿಸಿದ್ದೆ."

"ನೀವು ಇದೇ ಕಸುಬಿನವರೇ?" ಎಂದು ಆಕೆ ಕೇಳಿದಳು.

"ಹೌದು," ಎಂದೆ.

"ಏನ ಹೇಳಿದಿ ಆಕಿಗೆ?" ಗಂಡ ಹತ್ತಿರ ಬಂದು ಕೇಳಿದರು.

"ಖರೇ ಏನೈತಿ ಅದನ್ನ ಹೇಳಿದೆ."

"ಹೊರಗಿನವರ ಮುಂದ ಗಂಡನ ಮಾನ ತಗೀತಿ?"

ನಾನು ಹುಲ್ಲಿನ ಮೇಲಿದ್ದ ಸಾಮಾನನ್ನು ಮತ್ತೆ ಗೂಡಿಗೆ ತುಂಬತೊಡಗಿದೆ. ಗೂಡನ್ನು ಹೊತ್ತು ಮುಂದೆ ಹೋಗುವಂತಿಲ್ಲ ಎಂದು ಪೊಲೀಸರು ಬರೆದುಕೊಟ್ಟು, ಅದನ್ನು ಒಯ್ಯಲು ಟ್ರಕ್ಕು ಕರೆಸಿದರು. ಗಂಡಸರಿಬ್ಬರೂ ಖಾಲಿ ಪಿಕಪ್ಪಿನಲ್ಲಿ ಡಾರ್ಮ್‌ಸ್ಟಾಟ್‌ಗೆ ತಿರುಗಿದರು. ನಾನು ಅವರೊಂದಿಗೆ ಕೂರಲಾರೆ ಎಂದೆ. ಟ್ರಕ್ಕಿನ ಡ್ರೈವರ್ ಪಕ್ಕ ಕೂತು ಅವನ ಶೆಡ್ಡಿನವರೆಗೆ ಹೋಗಿ, ಗೂಡು ನೆಟ್ಟಗೆ ಇಳಿದದ್ದನ್ನು ನೋಡಿ, ಹತ್ತಿರದ ಸ್ಟೇಷನ್ನಿನಿಂದ ರೈಲು ಹತ್ತಿದೆ. ಕುಕ್ಕರ್ ಮಾತ್ರ ತಂದೆ. ಉಳಿದದ್ದೆಲ್ಲ ಗೂಡಿನೊಳಗೇ ಬಿಟ್ಟೆ.

ಎರಡು ವಾರದ ಮೇಲೆ ಪರಿಚಿತರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟಕ್ಕೆ ಕೂತಾಗ ನನ್ನ ಗಂಡ ಕಥೆ ಶುರು ಮಾಡಿದರು. ಹೇಗೆ ಹೆಂಡತಿಯ ಪಾತ್ರೆಪಗಡಗಳ ಭಾರಕ್ಕೆ ಜರ್ಮನ್ ಪೊಲೀಸರೇ ಬೆಚ್ಚಿಬಿದ್ದರು, ಹೇಗೆ ಒಗ್ಗರಣೆ ಡಬ್ಬಿಯನ್ನೂ ತಕ್ಕಡಿಗೆ ಹಾಕಿದರು. ಎಲ್ಲರೂ ಕೇಕೆ ಹಾಕಿ ನಕ್ಕರು. ಗೆಳೆಯ ಎಲ್ಲರಿಗಿಂತ ಜೋರಾಗಿ ನಕ್ಕ. ನಾನು ಪಾಯಸ ಬಡಿಸುತ್ತಿದ್ದೆ. ಸೌಟು ಕೆಳಗಿಟ್ಟು, ಯಾವ ಗಾಡಿಗೆ ಯಾವ ಗೂಡು, ಯಾರು ಏನು ಹೇಳಿದರು, ಪೊಲೀಸರ ಮುಂದೆ ಯಾರು ಯಾರ ಮೇಲೆ ತಪ್ಪು ಹೊರಿಸಿದರು, ಎಲ್ಲವನ್ನೂ ಹೇಳಿದೆ. ಎಲ್ಲರೂ ತಟ್ಟೆ ನೋಡತೊಡಗಿದರು.

ಮನೆಯೊಡತಿ ನನ್ನನ್ನು ಒಳಗೆ ಕರೆದು ಪಿಸುಗುಟ್ಟಿದರು: "ಇರ್ಲಿ ಬಿಡಿ, ಗಂಡಸರು ನಾಲ್ಕು ಜನರ ಮುಂದೆ ಏನೋ ತಮಾಷೆಗೆ ಅಂತಾರೆ. ನಾವೇ ಸುಮ್ನಿರಬೇಕು." ಆಕೆ ಊರಿನಲ್ಲಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು. ಅವರ ಮಾತು ಕೇಳಿ ಬಂದ ಅಸಹ್ಯಕ್ಕೆ ಯಾರನ್ನು ಬೈಯಬೇಕೋ ತಿಳಿಯಲಿಲ್ಲ.

ಗಂಡ ಆ ಕಥೆಯನ್ನು ಮತ್ತೆ ಯಾರ ಮುಂದೆಯೂ ಹೇಳಲಿಲ್ಲ. ತಪ್ಪಾಯಿತು ಅಂತಲೂ ಅನ್ನಲಿಲ್ಲ.

ಆದರೆ ನಾನು ಅಂದು ಎಲ್ಲವನ್ನೂ ಹೇಳಿದ್ದೆ ಎಂದರೆ ಸುಳ್ಳಾಗುತ್ತದೆ. ಆ ಹಿತ್ತಲಲ್ಲಿ ನಾನು ಆಡಿದ್ದನ್ನು ಬಿಟ್ಟು ಉಳಿದದ್ದನ್ನು ಹೇಳಿದ್ದೆ. ಮರುದಿನ ಗಂಡ ಆಫೀಸಿಗೆ ಹೋದ ಮೇಲೆ ಮುದುಕರಿಗೆ ಫೋನ್ ಮಾಡಿದೆ. ಅಂದು ಗಾಡಿ ಗೊತ್ತು ಮಾಡಿರಲಿಲ್ಲ, ನಿಮಗೆ ಸುಳ್ಳು ಹೇಳಿದೆ ಎಂದೆ.

"ನನಗೆ ಅನುಮಾನ ಬಂದಿತ್ತು," ಎಂದರು ಅವರು. "ಆದರೂ ಮಾರಿದೆ. ಆ ವಾಸನೆ ಹಿತ್ತಲಿಂದ ತೊಲಗಿದರೆ ಸಾಕಾಗಿತ್ತು."

ಅವರೇ ಒಬ್ಬ ಗಿರಾಕಿಯನ್ನು ಸೂಚಿಸಿದರು. ಯೇನಾ ಕಡೆಯ ಒಬ್ಬ ಹೆಂಚು ಹೊದಿಸುವವ, ಸಿಂಗಲ್ ಕ್ಯಾಬ್ ಗಾಡಿಯವನು. ಗೂಡನ್ನು ಯಾರಿಗಾದರೂ ಕೊಟ್ಟು ಕಳೆದುಕೋ ಎಂದಷ್ಟೇ ಗಂಡ ಅಂದರು. ಆ ಶನಿವಾರ ನಾನೊಬ್ಬಳೇ ರೈಲಿನಲ್ಲಿ ಆ ಶೆಡ್ಡಿಗೆ ಹೋದೆ. ಹೆಂಚಿನವ ಗಾಡಿಯನ್ನು ಗೂಡಿನ ಕೆಳಗೆ ಹಿಂದಕ್ಕೆ ತಂದ. ನಾನು ಕೈಸನ್ನೆ ಮಾಡಿ ನಿಲ್ಲಿಸಿದೆ. ನಾಲ್ಕು ಜಾಕ್‌ಗಳನ್ನೂ ಸರದಿಯಂತೆ ಇಳಿಸಿದೆವು. ತೊಟ್ಟಿಯೊಳಗೆ ಗೂಡು ಪೂರ್ತಿಯಾಗಿ ಕೂತಿತು, ಸ್ಪ್ರಿಂಗ್ ಬಾಗಿತು, ಆದರೆ ಗಾಡಿ ಮಟ್ಟಸವಾಗಿ ನಿಂತಿತು. ಅವನು ಒಳಗೆ ಇಣುಕಿ, ಇನ್ನೂ ಸ್ವಲ್ಪ ವಾಸನೆ ಇದೆ ಎಂದ.

"ಇದೆ," ಎಂದೆ. "ಅದು ಹೋಗುವುದಿಲ್ಲ. ಮೂರು ಸಲ ತೊಳೆದಿದ್ದೇನೆ."

ಪರವಾಗಿಲ್ಲ ಎಂದು ಅವನು ಬಾಗಿಲು ಮುಚ್ಚಿದ.