ತಪ್ಪಿನ ಮೇಲೊಂದು ಪಿಎಚ್‌ಡಿ

ನಲವತ್ತಾರನೆಯ ವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿನಿಯಾದೆ. ಬೈಲಹೊಂಗಲದ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಕಂಪ್ಯೂಟರ್ ವಿಜ್ಞಾನ ಕಲಿಸಿದ ಮೇಲೆ ಪಿಎಚ್‌ಡಿಗೆ ಹೆಸರು ಹಚ್ಚಿದೆ. ಓರಗೆಯವರು ಮಗಳಿಗೆ ವರ ನೋಡುತ್ತಿದ್ದಾಗ ನಾನು ಗುರುತಿನ ಚೀಟಿಗೆ ಫೋಟೊ ತೆಗೆಸಿಕೊಳ್ಳುತ್ತಿದ್ದೆ. ಸಂತೆಯಲ್ಲಿ ಸಿಕ್ಕವರು ಕೂಡ, ಬಹಳ ದಿನದಿಂದ ಹಾಸಿಗೆ ಹಿಡಿದವರನ್ನು ವಿಚಾರಿಸುವ ದನಿಯಲ್ಲಿ ಕೇಳುವರು: "ಪಿಎಚ್‌ಡಿ ಈಗ ಹೆಂಗೈತ್ರಿ? ಸ್ವಲ್ಪ ಅರಾಮ ಐತೇನ್ರಿ?"

ಶೋಧಿಸುವುದು ಅಂದರೆ ಹುಡುಕುವುದೂ ಹೌದು, ಸೋಸುವುದೂ ಹೌದು. ನಾನು ಎರಡನ್ನೂ ಮಾಡಿದೆ. ಆದರೆ ಉಳಿದವರು ಹುಡುಕುವುದು ಸತ್ಯವನ್ನು. ನಾನು ಹುಡುಕಿದ್ದು ತಪ್ಪನ್ನು. ಪ್ರೋಗ್ರಾಂ ಬರೆಯುವಾಗ ಒಂದು ಬ್ರ್ಯಾಕೆಟ್ ಮರೆತರೂ ಕಂಪ್ಯೂಟರ್ ಅಲ್ಲಿಗೇ ನಿಂತು ಇಂಗ್ಲಿಷಿನಲ್ಲಿ ಏನೋ ಒಂದು ಕೆಂಪು ಸಾಲು ಬರೆಯುತ್ತದೆ. ಆ ಕೆಂಪು ಸಾಲೇ ನನ್ನ ವಿಷಯ.

ಅದನ್ನು ನನಗೆ ಕೊಟ್ಟವಳು ಮುನವಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಶಿವಲೀಲಾ ಎಂಬ ವಿದ್ಯಾರ್ಥಿನಿ. ಲೆಕ್ಕದಲ್ಲಿ ತರಗತಿಗೇ ಮುಂದು. ಒಂದು ದಿನ ಪ್ರಯೋಗಾಲಯದಲ್ಲಿ ಒಂದು ತಾಸು ಕೈ ಕಟ್ಟಿ ಕುಳಿತಿದ್ದಳು. ಯಾಕೆಂದು ಕೇಳಿದರೆ, "ಇದು ಬೈಯಾಕ ಹತ್ತೈತ್ರಿ ಮೇಡಂ. ಏನಂತ ಬೈತೈತಿ ಅನ್ನೂದ ತಿಳೀವಲ್ದು" ಎಂದಳು. ಅವಳು ಮರೆತದ್ದು ಒಂದೇ ಬ್ರ್ಯಾಕೆಟ್, ಎಂಟನೆಯ ಸಾಲಿನಲ್ಲಿ. ಯಂತ್ರ ಬೆರಳು ತೋರಿಸುತ್ತಿದ್ದದ್ದು ನಲವತ್ತನೆಯ ಸಾಲಿನತ್ತ. ತಪ್ಪು ಆದ ಜಾಗವನ್ನು ಯಂತ್ರ ಹೇಳುವುದಿಲ್ಲ, ಅದು ತನಗೆ ಅರಿವಾದ ಜಾಗವನ್ನು ಹೇಳುತ್ತದೆ. ಮರುವಾರ ಶಿವಲೀಲಾ ಕಂಪ್ಯೂಟರ್ ಬಿಟ್ಟು ಬೇರೆ ವಿಷಯಕ್ಕೆ ಹೋಗಲು ಅರ್ಜಿ ಬರೆದು ತಂದಳು. ನಾನು ಸಹಿ ಹಾಕಲಿಲ್ಲ. "ಒಂದ ಸೆಮಿಸ್ಟರ್ ತಡಿ" ಎಂದೆ. ಹಾಗೆ ಅವಳನ್ನು ತಡೆದದ್ದರಿಂದ ನಾನೇ ಸಿಕ್ಕಿಹಾಕಿಕೊಂಡೆ.

ಆ ಸಂದೇಶಗಳನ್ನು ಕನ್ನಡದಲ್ಲಿ ಹೇಳುವ ಒಂದು ತಂತ್ರಾಂಶ ಮಾಡಿದೆ. ಮೊದಲ ಆವೃತ್ತಿ ಬಹಳ ಪಾಂಡಿತ್ಯದ್ದು. 'ವಾಕ್ಯರಚನಾ ದೋಷ: ಅನಿರೀಕ್ಷಿತ ಸಂಕೇತ ಕಂಡುಬಂದಿದೆ' ಎನ್ನುತ್ತಿತ್ತು. ಹುಡುಗಿಯರು ಓದಿ ಮುಖ ಮುಖ ನೋಡಿಕೊಂಡರು. "ಮೇಡಂ, ಇಂಗ್ಲಿಷ್ದ ಇರ್ಲಿ ಬಿಡ್ರಿ, ಅದಾದ್ರ ರೂಢಿ ಆಗೈತಿ" ಎಂದಳು ಒಬ್ಬಳು. ಇದರ ಬಗ್ಗೆ ಸಂಶೋಧನಾ ಪತ್ರಿಕೆಗೆ ಕಳಿಸಿದ ಲೇಖನ ಮೂರು ಸಲ ಮರಳಿ ಬಂತು: ಇದು ಅನುವಾದ, ಸಂಶೋಧನೆ ಎಲ್ಲಿ? ನನ್ನ ಮಾರ್ಗದರ್ಶಕರು ನನಗಿಂತ ಆರು ವರ್ಷ ಸಣ್ಣವರು, ಮರ್ಯಾದೆಯ ಮನುಷ್ಯ. "ಮೇಡಂ, ಅವಧಿ ವಿಸ್ತರಣೆ ಇದ ಕಡೀದು. ವಿಷಯ ಬದಲಿ ಮಾಡೂನೇನ್ರಿ?" ಎಂದರು. ನಾಲ್ಕು ವರ್ಷದ ಕೆಲಸ ಕೈಬಿಟ್ಟು ಹೋಗುವುದರಲ್ಲಿತ್ತು.

ದಾರಿ ತೋರಿಸಿದವರು ನಮ್ಮ ಅತ್ತೆ. ಅವರು ಮನೆಯ ಪಡಸಾಲೆಯಲ್ಲಿ ಮೂವತ್ತು ವರ್ಷದಿಂದ ಹೊಲಿಗೆ ಕಲಿಸುತ್ತ ಬಂದವರು. ಒಂದು ದಿನ ಕಲಿಯಲು ಬಂದ ಹುಡುಗಿಯೊಬ್ಬಳು ರವಿಕೆಗೆ ಎಡತೋಳನ್ನು ಬಲಕ್ಕೆ ಹೊಲಿದಿದ್ದಳು. ಅತ್ತೆ ಬೈಯಲಿಲ್ಲ. ಕಂಕುಳ ಹತ್ತಿರ ಹೊಲಿಗೆಯನ್ನು ಬೆರಳಿನಿಂದ ಒತ್ತಿ ಹಿಡಿದು, "ಇಲ್ಲಿಂದ ಬಿಚ್ಚು. ಉಳದದ್ದಕ್ಕ ಕೈ ಹಚ್ಚಬ್ಯಾಡ, ಅದು ಸರಿ ಐತಿ" ಎಂದರು. ನಾನು ಲ್ಯಾಪ್‌ಟಾಪ್ ಒಯ್ದು ನನ್ನ ಸಂದೇಶಗಳನ್ನು ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ ಕನ್ನಡಕ ತೆಗೆದರು.

"ಇದನ್ನ ಓದಿದಾಕಿ ಮೊದಲ ಎಲ್ಲಿ ಕೈ ಇಡಬೇಕವಾ ಸುಮಾ?"

ಆ ಪ್ರಶ್ನೆಯೇ ಮುಂದೆ ನನ್ನ ಪ್ರಬಂಧದ ಮೂರನೆಯ ಅಧ್ಯಾಯವಾಯಿತು. ವಿದ್ಯಾರ್ಥಿಗಳು ಬರೆದಿಟ್ಟ ಹಳೆಯ ಪ್ರೋಗ್ರಾಂಗಳನ್ನೆಲ್ಲ ಕಲೆಹಾಕಿದೆ. ಯಾವ ಸಂದೇಶ ಬಂದಾಗ ಯಾರು ಏನು ತಿದ್ದಿದರು, ಅಸಲು ತಪ್ಪು ಎಷ್ಟು ಸಾಲು ಹಿಂದಿತ್ತು ಎಂದು ಒಂದೊಂದನ್ನೇ ನೋಡಿದೆ. ಹೊಸ ಆವೃತ್ತಿ ಮೊದಲು ತಪ್ಪಿನ ಬೇರನ್ನು ಹುಡುಕುತ್ತಿತ್ತು, ಆಮೇಲೆ ಒಂದೇ ಒಂದು ಮಾತು ಹೇಳುತ್ತಿತ್ತು: 'ಎಂಟನೇ ಸಾಲಿನ್ಯಾಗ ಬ್ರ್ಯಾಕೆಟ್ ತೆರದೀರಿ, ಮುಚ್ಚಿಲ್ಲ. ಉಳದದ್ದು ಸರಿ ಐತಿ.' ಮಾತುಗಳನ್ನು ಅತ್ತೆಯೇ ಒಪ್ಪಬೇಕಿತ್ತು. ನನ್ನ ಮಾರ್ಗದರ್ಶಕರಿಗಿಂತ ಅವರು ಕಟ್ಟುನಿಟ್ಟು.

ತಂತ್ರಾಂಶದ ಪರೀಕ್ಷೆಗೆ ಸವದತ್ತಿಯ ಕಾಲೇಜೊಂದನ್ನು ಆರಿಸಿದೆ, ಅಲ್ಲಿ ನನ್ನ ಪರಿಚಯದವರು ಇರಲಿಲ್ಲವೆಂದು. ನಮ್ಮ ಹುಡುಗಿಯರಾದರೆ ನನ್ನ ಮೇಲಿನ ಪ್ರೀತಿಗೆ ಚೆನ್ನಾಗಿದೆ ಎಂದುಬಿಡುತ್ತಿದ್ದರು. ಅಲ್ಲಿನ ಪ್ರಯೋಗಾಲಯದ ಕಂಪ್ಯೂಟರುಗಳಿಗೆ ಅದನ್ನು ಹಾಕಿಕೊಟ್ಟು, ಹೊರಗೆ ಬೆಂಚಿನ ಮೇಲೆ ಕುಳಿತೆ. ಪ್ರೋಗ್ರಾಂ ಬರೆಯುವ ತರಗತಿ ಅಂದರೆ ಮೂಲೆ ಮೂಲೆಯಿಂದ 'ಮೇಡಂ, ಮೇಡಂ' ಕೂಗು. ಒಳಗೆ ಸದ್ದೇ ಇಲ್ಲ. ಕರೆಂಟು ಹೋಗಿರಬೇಕು, ಇಲ್ಲವೇ ಎಲ್ಲರೂ ಬೇಸತ್ತು ಎದ್ದು ಹೋಗಿರಬೇಕು ಎಂದುಕೊಂಡು ಇಣುಕಿದೆ. ಎಲ್ಲರೂ ಕೀಲಿಮಣೆಯ ಮೇಲೆ ಬಾಗಿದ್ದರು. ಅಲ್ಲಿನ ಶಿಕ್ಷಕಿ ಹೊರಗೆ ಬಂದು, "ಇವತ್ತ ನನ್ನ ಯಾರೂ ಕರೀವಲ್ರರಿ. ನಾನು ಸುಮ್ನ ಕುಂತೇನಿ" ಎಂದರು. ನನಗೆ ಕುಣಿಯಬೇಕೆನಿಸಿತು. ವಯಸ್ಸು ನೆನಪಾಗಿ, ನೀರು ಕುಡಿದೆ.

ನಾಲ್ಕನೆಯ ಸಲ ಲೇಖನ ಮರಳಲಿಲ್ಲ, ಅಚ್ಚಾಯಿತು. ಅರ್ಜಿಯನ್ನು ಎಂದೋ ಹರಿದುಹಾಕಿದ್ದ ಶಿವಲೀಲಾ ಅಷ್ಟರಲ್ಲಿ ಪದವಿ ಮುಗಿಸಿ ಎಂಸಿಎಗೆ ಸೇರಿದ್ದಳು.

ಕೊನೆಗೆ ಮೌಖಿಕ ಪರೀಕ್ಷೆ. ಉಡುಪಿಯ ಕಡೆಯ ಹಿರಿಯ ಪ್ರಾಧ್ಯಾಪಕರೊಬ್ಬರು ಪರೀಕ್ಷಕರು. ಅತ್ತೆ ಇಳಕಲ್ಲ ಸೀರೆ ಉಟ್ಟು ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ಪರೀಕ್ಷಕರು ಎರಡು ತಾಸು ಕೇಳಿದರು. ಆಮೇಲೆ, "ಇದು ನಿಮ್ಮ ಕಡೆಯ ಆಡುಮಾತು. ನಮ್ಮ ಮಕ್ಕಳಿಗೆ ಇದು ಆಗ್ತದಾ?" ಎಂದರು. ಮಾತುಗಳು ಬೇರೆ ಕಡತದಲ್ಲಿವೆ, ಯಾವ ಊರಿನವರು ಬೇಕಾದರೂ ತಮ್ಮ ಮಾತು ತುಂಬಿಕೊಳ್ಳಬಹುದು ಎಂದೆ. ಅವರು ತಲೆಯಾಡಿಸಲಿಲ್ಲ. ನನ್ನ ಲ್ಯಾಪ್‌ಟಾಪ್ ಎಳೆದುಕೊಂಡು ಇಪ್ಪತ್ತು ಸಾಲಿನ ಪ್ರೋಗ್ರಾಂ ಅಲ್ಲೇ ಬರೆದರು. ಹದಿನೇಳನೆಯ ಸಾಲಿನಲ್ಲಿ ಬೇಕೆಂದೇ ಒಂದು ಬ್ರ್ಯಾಕೆಟ್ ಬಿಟ್ಟು, ಸಭೆಗೆ ಅದನ್ನು ತೋರಿಸಿ, ಗುಂಡಿ ಒತ್ತಿದರು.

ನನ್ನ ತಂತ್ರಾಂಶ ಐದನೆಯ ಸಾಲನ್ನು ತೋರಿಸಿತು.

ಮಾರ್ಗದರ್ಶಕರು ನೆಲ ನೋಡಿದರು. ಪರೀಕ್ಷಕರು ಪರದೆಗೆ ಮುಖ ಹಚ್ಚಿ ಬಹಳ ಹೊತ್ತು ನೋಡಿದರು. ಐದನೆಯ ಸಾಲಿನಲ್ಲಿ ಒಂದು ಉದ್ಧರಣ ಚಿಹ್ನೆ ತೆರೆದಿತ್ತು, ಮುಚ್ಚಿರಲಿಲ್ಲ. ಅದನ್ನು ಅವರು ಬೇಕೆಂದು ಬಿಟ್ಟದ್ದಲ್ಲ.

"ಇದು ನಾನೇ ಮಾಡಿದ್ದು" ಎಂದರು. ತಿದ್ದಿ ಮತ್ತೆ ಗುಂಡಿ ಒತ್ತಿದಾಗ ತಂತ್ರಾಂಶ ಹದಿನೇಳನೆಯ ಸಾಲಿಗೆ ಹೋಗಿ, ಉಳಿದದ್ದು ಸರಿ ಇದೆ ಎಂದಿತು. ಅವರು ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಸಭೆಯೆಲ್ಲ ನಕ್ಕಿತು. ಏನು ನಡೆಯಿತೆಂದು ಪಕ್ಕದವರನ್ನು ಕೇಳಿ ತಿಳಿದುಕೊಂಡು ಅತ್ತೆಯೂ ನಕ್ಕರು.

ಪದವಿಗೆ ಶಿಫಾರಸು ಮಾಡಿರುವುದಾಗಿ ಅಧ್ಯಕ್ಷರು ಘೋಷಿಸಿದರು. ಚಪ್ಪಾಳೆ, ಹಾರ, ಫೋಟೊ ಎಲ್ಲ ಆಯಿತು. ಆದರೆ ಗೆದ್ದೆ ಎಂದು ನನಗೆ ಅನಿಸಿದ್ದು ಆಮೇಲೆ. ಊಟಕ್ಕೆ ಎಲೆ ಹಾಕಿದ್ದರು, ಪರೀಕ್ಷಕರು ಕಾಣಲಿಲ್ಲ. ಕರೆಯಲು ಹೋದರೆ ಖಾಲಿ ಸಭಾಂಗಣದಲ್ಲಿ ಒಬ್ಬರೇ ಕುಳಿತು, ಮಾತಿನ ಕಡತ ತೆರೆದು ಎರಡು ಬೆರಳಿನಲ್ಲಿ ಏನೋ ಬರೆಯುತ್ತಿದ್ದರು. "ಒಂದು ನಿಮಿಷ, ಈಗ ಬಂದೆ" ಎಂದರು, ತಲೆ ಎತ್ತದೆ. ನಾನು ಹಿಂದಿನಿಂದ ಬಗ್ಗಿ ಓದಿದೆ: 'ಐದನೇ ಸಾಲಲ್ಲಿ ಒಂದು ಮುಚ್ಚಲಿಕ್ಕೆ ಬಾಕಿ ಉಂಟು ಮಾರಾಯ್ರೆ.'