ಗೋಕಾಕದ ಕೆಳಗಿದ್ದ ಮೂಡಲಗಿ

ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲೂಕಾದ ಹೊಸದರಲ್ಲಿ ನಮ್ಮ ಪತ್ರಿಕೆ ಅದಕ್ಕೊಂದು ಪ್ರತ್ಯೇಕ ಪುಟ ಕೊಟ್ಟಿತು. ಅಲ್ಲಿಯವರೆಗೆ ಮೂಡಲಗಿಯ ಸುದ್ದಿ ಗೋಕಾಕ ಪುಟದ ಕೆಳಭಾಗದಲ್ಲಿ ಬರುತ್ತಿತ್ತು. ನಾನು ಆಗ ಗೋಕಾಕ ಕಚೇರಿಯಲ್ಲಿ ಉಪಸಂಪಾದಕ. ಗೋಕಾಕ ಪುಟ ನಮ್ಮಲ್ಲೇ ತಯಾರಾಗುತ್ತಿತ್ತು. ಮೂಡಲಗಿ ಮತ್ತು ಹುಕ್ಕೇರಿ ಪುಟಗಳನ್ನು ಬೇರೆ ಊರಿನ ಮುಖ್ಯ ಕಚೇರಿಯಲ್ಲಿ ಕಟ್ಟುತ್ತಿದ್ದರು. ಆದರೆ ಮೂರೂ ಕಡೆಯ ವರದಿಗಳು ಮೊದಲು ನಮ್ಮ ಮೂಲೆಯ ಕೋಣೆಯಲ್ಲಿದ್ದ ಸರ್ವರ್‌ಗೆ ಬಂದು, ಅಲ್ಲಿಂದ ಮುಂದಕ್ಕೆ ಹೋಗುತ್ತಿದ್ದವು.

ಮೂಡಲಗಿಯ ವರದಿಗಾರರು ನಡುವಯಸ್ಸಿನವರು, ಕಬ್ಬು ಬೆಳೆಯುವ ಜೈನ ಮನೆತನದವರು. ಫೋನಿನಲ್ಲಿ ಮರಾಠಿಯಿಂದ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದರು. ಬೆಲ್ಲದ ಪೇಟೆ, ಪುರಸಭೆ, ಹೊಸ ತಾಲೂಕು ಕಚೇರಿಗೆ ಇನ್ನೂ ಬಾರದ ಕುರ್ಚಿಗಳು, ಎಲ್ಲವನ್ನೂ ಅವರೊಬ್ಬರೇ ಬರೆಯುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಅವರ ವರದಿಗಳು ಮುಖ್ಯ ಕಚೇರಿಗೆ ತಲುಪುವುದು ನಿಂತಿತು. ನಮ್ಮ ಸರ್ವರ್‌ವರೆಗೆ ಬರುತ್ತಿದ್ದವು, ಮುಂದೆ ಹೋಗುತ್ತಿರಲಿಲ್ಲ. ಪ್ರತಿ ಸಲವೂ ಯಂತ್ರ ಒಂದೇ ಸಾಲು ದಾಖಲಿಸುತ್ತಿತ್ತು: ಕಳುಹಿಸಲು ಅನುಮತಿ ಇಲ್ಲ.

ಹುಕ್ಕೇರಿಯ ವರದಿಗಳು ಎಂದಿನಂತೆ ಹೋಗುತ್ತಿದ್ದವು. ಹಾಗಾಗಿ ಮುಖ್ಯ ಕಚೇರಿಯ ಅನುಮಾನ ಮನುಷ್ಯನ ಮೇಲೆ ಬಿತ್ತು. ತಾಲೂಕು ಮಟ್ಟದಲ್ಲಿ ಬೇರೆ ಬೇರೆ ಪತ್ರಿಕೆಗಳ ವರದಿಗಾರರು ಒಂದೇ ಚಹಾದಂಗಡಿಯಲ್ಲಿ ಕೂತು ಸುದ್ದಿ ಹಂಚಿಕೊಳ್ಳುವುದು ಎಲ್ಲರಿಗೂ ಗೊತ್ತಿದ್ದ ರೂಢಿ. ಇವರು ಸುದ್ದಿಯ ಜೊತೆ ಪಾಸ್‌ವರ್ಡನ್ನೂ ಹಂಚಿಕೊಂಡಿದ್ದಾರೆ, ಅದಕ್ಕೇ ಯಂತ್ರ ಅನುಮತಿ ನಿಲ್ಲಿಸಿದೆ ಎಂದು ಅಲ್ಲಿ ತೀರ್ಮಾನಿಸಿದರು. ಸೋಮವಾರದ ಸಭೆಯಲ್ಲಿ ಅವರ ಜಾಗಕ್ಕೆ ಬೇರೆಯವರನ್ನು ಗೊತ್ತು ಮಾಡುವುದಾಗಿ ನನಗೆ ತಿಳಿಸಿದರು.

ನನಗೆ ಆ ಸಾಲಿನಲ್ಲೇ ತೊಡಕು ಕಂಡಿತ್ತು. ಅನುಮತಿ ಇಲ್ಲ, ಸರಿ. ಕೊಡದವರು ಯಾರು? ಇಂಥ ವಾಕ್ಯವನ್ನು ವರದಿಗಾರರು ಬರೆದು ಕಳಿಸಿದರೆ ನಾವು ಹಿಂದಕ್ಕೆ ಕಳಿಸುತ್ತೇವೆ.

ಶನಿವಾರ ಮಧ್ಯಾಹ್ನ ವರದಿಗಾರರು ಬಸ್ಸಿಳಿದು ನೇರ ನಮ್ಮ ಕಚೇರಿಗೆ ಬಂದರು. ಸರ್ವರ್ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಆಗಲೇ ಕೋಣೆಯಲ್ಲಿದ್ದಳು. ಗೋಕಾಕ ಫಾಲ್ಸ್‌ನ ಗಿರಣಿ ಚಾಳದಲ್ಲಿ ಬೆಳೆದವಳು, ನಿಡಸೋಸಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವಳು.

"ಏನವಾ, ನಿನ್ನ ಮಷೀನು ನನ್ನ ಸುದ್ದಿ ತಿಂದು ತೇಗೂದನ್ನೂ ಬಿಟ್ಟೈತೆಲ್ಲ!" ಎಂದರು ಅವರು, ಚಪ್ಪಲಿ ಕಳಚುತ್ತ.

"ಕೂಡ್ರಿ ಕಾಕಾ. ಅದರ ಹೊಟ್ಟಿ ನೋಡಾಕನ ಒಂದ್ ಕಮಾಂಡ್ ಬರಿಯಾಕತ್ತೇನಿ."

ಆಕೆ ವಿವರಿಸಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಯಂತ್ರದ ಎಲ್ಲ ಕೆಲಸಗಳನ್ನೂ ನಡೆಸುವ ಒಳಭಾಗಕ್ಕೆ ಕರ್ನೆಲ್ ಎನ್ನುತ್ತಾರೆ. ಅದು ಕೆಲಸಗಳನ್ನು ಗುಂಪುಗಳಾಗಿ ಇಟ್ಟುಕೊಳ್ಳುತ್ತದೆ, ಗುಂಪಿನೊಳಗೆ ಗುಂಪೂ ಇರಬಹುದು. ನಮ್ಮಲ್ಲಿ ಒಂದೊಂದು ತಾಲೂಕಿಗೆ ಒಂದೊಂದು ಗುಂಪಿತ್ತು. ಯಾವುದೇ ಗುಂಪಿಗೆ ಪುಟ್ಟ ಪ್ರೋಗ್ರಾಮೊಂದನ್ನು ಅಂಟಿಸಿಡಬಹುದು. ಆ ಗುಂಪಿನಿಂದ ಹೊರಡುವ ಪ್ರತಿಯೊಂದನ್ನೂ ಅದು ತಡೆದು ನೋಡಿ, ಹೋಗಲಿ ಅಥವಾ ಬೇಡ ಎನ್ನುತ್ತದೆ. ಇಂಥ ಒಂದು ಪ್ರೋಗ್ರಾಮು ಒಳಗೆಲ್ಲೋ ಜೀವಂತವಾಗಿದೆ ಎಂಬುದನ್ನು ಆಕೆಯ ಬಳಿಯಿದ್ದ ಸಲಕರಣೆ ಆಗಲೇ ತೋರಿಸಿತ್ತು. ಅದು ಯಾವ ಗುಂಪಿಗೆ ಅಂಟಿದೆ ಎಂದು ಕೇಳುವ ಕಮಾಂಡ್ ಮಾತ್ರ ಅದರಲ್ಲಿರಲಿಲ್ಲ. ಅದನ್ನೇ ಆಕೆ ಸೇರಿಸುತ್ತಿದ್ದಳು.

"ಮಷೀನ್ ಬಂದ್ ಮಾಡಿ ಚಾಲೂ ಮಾಡಿದ್ರ ಸರಿ ಆಗಂಗಿಲ್ಲೇನು?" ಎಂದು ಕೇಳಿದೆ.

"ಆಗತೈತ್ರಿ ಸರ್. ಅಂಟಿದ್ದೆಲ್ಲಾ ಉದುರಿ ಹೋಗತೈತಿ. ಆಮ್ಯಾಲ ಏನಾಗಿತ್ತಂತ ಯಾರಿಗೆ ತೋರಸೂದು? ಸುದ್ದಿ ಹೋಗತಾವ, ಕಾಕಾನ ಮ್ಯಾಲಿನ ಮಾತು ಹಂಗ ಉಳಿತೈತಿ."

ವರದಿಗಾರರು ನನ್ನ ಕಡೆ ತಿರುಗಿದರು. "ಬಂದ್ ಮಾಡಬ್ಯಾಡ್ರಿ. ಖರೆ ಏನೈತಿ ನೋಡೂಣು."

ಅವರು ನಗುತ್ತಿರಲಿಲ್ಲ. ನಾನು ಸ್ವಿಚ್ಚಿನಿಂದ ದೂರ ಸರಿದು ಕುಳಿತೆ.

ಹೊಸ ಕಮಾಂಡ್ ಸಿದ್ಧವಾಯಿತು. ಆಕೆ ಮೊದಲು ಹುಕ್ಕೇರಿಯ ಗುಂಪನ್ನು ಕೇಳಿದಳು. ಪರದೆ ಖಾಲಿ. ಅದು ನಿರೀಕ್ಷಿತವೇ. ನಂತರ ಮೂಡಲಗಿಯನ್ನು ಕೇಳಿದಳು. ಅದೂ ಖಾಲಿ.

"ನಮ್ಮ ಪುರಸಭೆ ಹಂಗ ಐತಿ ನೋಡ್ ನಿನ್ನ ಕಮಾಂಡು," ಎಂದರು ವರದಿಗಾರರು. "ಏನ್ ಕೇಳಿದ್ರೂ ಏನೂ ಇಲ್ಲ ಅಂತೈತಿ."

"ಪುರಸಭೆಗಿಂತ ಲಗೂನ ಆದ್ರೂ ಹೇಳತೈತೆಲ್ಲ ಕಾಕಾ," ಎಂದಳಾಕೆ. ಆದರೆ ಆಕೆಯ ಕೈ ಕೀಲಿಮಣೆಯ ಮೇಲೆ ನಿಂತುಬಿಟ್ಟಿತ್ತು. ಆ ಖಾಲಿ ಪರದೆಯ ಅರ್ಥ ಮೂವರಿಗೂ ಗೊತ್ತಿತ್ತು. ಮೂಡಲಗಿಗೆ ಏನೂ ಅಂಟಿಲ್ಲವೆಂದಾದರೆ ಮುಖ್ಯ ಕಚೇರಿಯ ಮಾತೇ ಉಳಿಯುತ್ತಿತ್ತು.

ಸ್ವಲ್ಪ ಹೊತ್ತಿನ ನಂತರ ಆಕೆ ಕೋಡಿಗೆ ಮತ್ತೊಂದು ಭಾಗ ಸೇರಿಸತೊಡಗಿದಳು. ಒಂದೊಂದೇ ಗುಂಪನ್ನು ಕೇಳುವ ಬದಲು ಬುಡದಿಂದ ಹೊರಟು, ಪ್ರತಿ ಗುಂಪಿನೊಳಗೂ ಇಳಿದು, ಇಡೀ ವಂಶವೃಕ್ಷವನ್ನೇ ಬರೆದು ತೋರಿಸುವ ಭಾಗ. ನಾವು ಚಹಾ ತರಿಸಿ ಕುಡಿದೆವು. ಆಕೆಯ ಕಪ್ಪಿನ ಮೇಲೆ ಕೆನೆ ಕಟ್ಟಿತು.

ಆಮೇಲೆ ಪರದೆಯ ಮೇಲೆ ಸಾಲುಗಳು ಇಳಿದು ಬಂದವು. ಪ್ರತಿ ಒಳಗುಂಪೂ ತನ್ನ ಮೇಲಿನದಕ್ಕಿಂತ ಸ್ವಲ್ಪ ಬಲಕ್ಕೆ ಸರಿದು ನಿಂತಿತ್ತು. ನಾನು ನಿತ್ಯ ಕೇಳುತ್ತಿದ್ದ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಗೊತ್ತಿರದ ಆ ಡಬ್ಬಿಯೊಳಗೆ ಇಷ್ಟು ಮನೆಗಳು, ಮನೆಯೊಳಗೆ ಕೋಣೆಗಳು ಇದ್ದವೆಂದು ಅಂದೇ ಮೊದಲು ಕಂಡದ್ದು.

ವರದಿಗಾರರು ಬೆರಳಿಟ್ಟು ಓದಿದರು. "ಗೋಕಾಕ. ಹುಕ್ಕೇರಿ. ನಾ ಎಲ್ಲಿ ಅದೇನಿ?" ಬೆರಳು ಮತ್ತೆ ಮೇಲಕ್ಕೆ ಹೋಯಿತು. ಮೂಡಲಗಿ ಇದ್ದದ್ದು ಗೋಕಾಕದ ಕೆಳಗೆ, ಅದರ ಒಳಗೆ. "ತಾಲೂಕಾ ಆಗಿ ಆಫೀಸು ಬಂತು, ಬೋರ್ಡು ಬಂತು, ಇಲ್ಲಿ ಇನ್ನೂ ನಿಮ್ಮ ಹೊಟ್ಟ್ಯಾಗ ಅದೇನಿ ಅಂತೀರೇನು?"

ಹೊಸ ಪುಟ ಬಂದಾಗ ಸರ್ವರ್ ಸಜ್ಜು ಮಾಡಿದವರು ಮೂಡಲಗಿಯನ್ನು ತಮಗೆ ಗೊತ್ತಿದ್ದ ಜಾಗದಲ್ಲೇ ಇಟ್ಟಿದ್ದರು. ಈ ಭಾಗದಲ್ಲಿ ಹುಟ್ಟಿದ ಯಾರೇ ಆದರೂ ಯೋಚಿಸದೆ ಅಲ್ಲೇ ಇಡುತ್ತಿದ್ದರು.

ಗೋಕಾಕದ ಸಾಲಿನ ಪಕ್ಕದಲ್ಲಿ ಆ ಪುಟ್ಟ ಪ್ರೋಗ್ರಾಮು ಕುಳಿತಿತ್ತು.

"ಮ್ಯಾಲಿನ ಗುಂಪಿಗೆ ಅಂಟಿದ್ದು ಕೆಳಗಿನವಕ್ಕೂ ಲಾಗೂ ಆಗತೈತಿ," ಎಂದಳು ಆಕೆ. "ನಾ ಮೊದಲ ಮೂಡಲಗಿಗೆ ಖುದ್ದ ಅಂಟಿದ್ದು ಏನೈತಿ ಅಂತ ಅಷ್ಟ ಕೇಳಿದ್ದೆ."

ಅದರ ಒಳಗಿನ ಆದೇಶಗಳನ್ನು ಬಿಚ್ಚಿ ಓದಿದಳು. ಕಚೇರಿಯೊಳಗಿನ ವಿಳಾಸಗಳಿಗೆ ಹೋಗುವುದನ್ನು ಬಿಡು, ಮಿಕ್ಕಿದ್ದನ್ನು ತಡೆ. ಅಷ್ಟೇ. ಗೋಕಾಕದ ವರದಿ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವಂಥದ್ದು, ನಮಗೆ ಏನೂ ತಟ್ಟಲಿಲ್ಲ. ಮೂಡಲಗಿಯದು ಊರು ಬಿಟ್ಟು ಹೋಗಬೇಕಾದದ್ದು.

ಅದನ್ನು ಅಂಟಿಸಿದವರು ಯಾರೆಂಬುದಕ್ಕೆ ಯಂತ್ರದಲ್ಲಿ ದಾಖಲೆ ಇರಲಿಲ್ಲ, ಆದ್ದರಿಂದ ಇಲ್ಲಿಯೂ ಬರೆಯುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಅಂಟಿಸಿದವರು ಎದ್ದು ಹೋಗಿದ್ದಾರೆ. ಅವರು ಕೆಲಸ ಮಾಡಿದ ಕಿಟಕಿ ಮುಚ್ಚಿದೆ. ಅದನ್ನು ನಡೆಸುವ ಕೈ ಎಲ್ಲಿಯೂ ಇಲ್ಲ. ಆದರೂ ಅದು ಬಾಗಿಲಲ್ಲಿ ನಿಂತು, ಹೊರಡುವ ಪ್ರತಿ ತುಣುಕನ್ನೂ ಕಣ್ಣು ಮಿಟುಕಿಸುವುದಕ್ಕೂ ಮೊದಲೇ ತೂಗಿ ನೋಡುತ್ತಿತ್ತು. ಆಯಾಸವಿಲ್ಲ, ದ್ವೇಷವಿಲ್ಲ, ಯಾರ ಹೆಸರು ಹಾಳಾಗುತ್ತಿದೆ ಎಂಬುದೂ ಗೊತ್ತಿಲ್ಲ. ಗೋಕಾಕ ಜಲಪಾತದ ಅಂಚಿನಲ್ಲಿ ಹಲವು ಸಲ ನಿಂತಿದ್ದೇನೆ. ಅಲ್ಲಿ ಮಾತು ನಿಲ್ಲುವ ಹಾಗೆಯೇ ಈ ಕಿರುಕೋಣೆಯಲ್ಲೂ ನಿಂತಿತು.

ಆಕೆ ಮುಖ್ಯ ಕಚೇರಿಯ ಸುದ್ದಿ ಮುಖ್ಯಸ್ಥರಿಗೆ ಫೋನ್ ಹಚ್ಚಲು ಹೇಳಿದಳು. ನಾನು ಸ್ಪೀಕರ್ ಹಾಕಿ ಕಂಡಷ್ಟನ್ನು ಹೇಳಿದೆ.

"ಅಂದ್ರ ಪಾಸ್‌ವರ್ಡ್ ವಿಷಯ ಅಲ್ಲ ಅಂತೀರೇನು?" ಎಂದರು ಅವರು. "ನೀವು ಅವರ ಬಾಜೂದವ್ರು, ಹಂಗ ಹೇಳ್ತೀರಿ."

"ನಾವು ಹೇಳೂದು ಬ್ಯಾಡ್ರಿ, ನೀವ ನೋಡ್ರಿ," ಎಂದಳು ಆಕೆ ಫೋನಿನತ್ತ ಬಾಗಿ. "ಮೂಡಲಗಿಯವ್ರ ಖಾತೆ ನಾ ಮುಟ್ಟೂದಿಲ್ಲ. ಗೋಕಾಕದ ಮ್ಯಾಲಿಂದು ಅಷ್ಟ ತಗಿತೇನಿ."

ಕಿತ್ತ ಕೂಡಲೇ ಅದು ಇಲ್ಲವಾಗದಂತೆ ಮೊದಲು ಅದನ್ನು ಇನ್ನೊಂದು ಕಡೆ ಕಟ್ಟಿಟ್ಟಳು. ಯಾರೂ ಹಿಡಿದಿರದಿದ್ದರೆ ಕರ್ನೆಲ್ ಅದನ್ನು ಆ ಕ್ಷಣವೇ ಅಳಿಸಿಬಿಡುತ್ತದಂತೆ. ಆಮೇಲೆ ಕಿತ್ತಳು.

ಆ ಕಡೆ ಕೀಲಿ ಒತ್ತಿದ ಸದ್ದು. ನಂತರ, "ಬಂತು. ಬೆಲ್ಲದ ಪ್ಯಾಟಿ ಸುದ್ದಿ."

ಆಕೆ ಅದನ್ನು ಮತ್ತೆ ಅಂಟಿಸಿದಳು. "ಈಗ?"

"ನಿಂತೈತಿ."

ಮತ್ತೆ ಕಿತ್ತಳು. ತಡೆದಿಟ್ಟಿದ್ದ ವರದಿಗಳು ಒಂದರ ಹಿಂದೆ ಒಂದು ಹೊರಟವು. ಮುಖ್ಯಸ್ಥರು, "ಕಾಕಾ ಅಲ್ಲೇ ಅದಾರೇನು?" ಎಂದರು.

"ಇಲ್ಲೇ ಅದೇನ್ರಿ," ಎಂದರು ವರದಿಗಾರರು.

"ಸೋಮವಾರದ್ದು ಏನಿಲ್ಲ ಬಿಡ್ರಿ. ನೀವ ಬರೀರಿ."

ವರದಿಗಾರರು ಟವಲಿನಿಂದ ಮುಖ ಒರೆಸಿಕೊಂಡರು, ಒರೆಸಿದ ಮೇಲೂ ಟವಲು ಮುಖದ ಮೇಲೇ ಇತ್ತು. ಆಕೆ ಪರದೆಯತ್ತ ತಿರುಗಿ ಬುಡದ ಕೆಳಗೆ ಹೊಸ ಗುಂಪೊಂದನ್ನು ಮಾಡಿ, ಓಡುತ್ತಿದ್ದ ಮೂಡಲಗಿಯ ಕೆಲಸವನ್ನು ನಿಲ್ಲಿಸದೆಯೇ ಎತ್ತಿ ಅಲ್ಲಿಗಿಟ್ಟಳು. ಮತ್ತೆ ವೃಕ್ಷ ಬರೆಸಿದಳು. ಮೂಡಲಗಿ ಈಗ ಗೋಕಾಕ, ಹುಕ್ಕೇರಿಗಳ ಸಾಲಿನಲ್ಲೇ ಇತ್ತು.

ಅಷ್ಟರಲ್ಲಿ ಮುಖ್ಯಸ್ಥರ ಫೋನ್ ಮತ್ತೆ ಬಂತು, ಈ ಸಲ ನೇರ ವರದಿಗಾರರಿಗೆ. ದನಿ ನಮಗೂ ಕೇಳುತ್ತಿತ್ತು.

"ಏನ್ರಿ ಇದು, ಮೊದಲನೇ ವಾಕ್ಯ ಮುಗಿಯೂದ್ರಾಗ ಕಾಲಂ ಮುಗಿತೈತಿ! ಕುರ್ಚಿ ಬಂದಿಲ್ಲ ಅನ್ನಾಕ ಇಷ್ಟ್ ಬೇಕೇನು? ತುಂಡು ಮಾಡಿ ಕಳಸ್ರಿ, ಲಗೂ."

"ಕಳಸ್ತೇನ್ರಿ, ಈಗ ಕಳಸ್ತೇನಿ," ಎಂದರು ವರದಿಗಾರರು. ಟವಲು ಹೆಗಲಿಗೆ ಹಾಕಿಕೊಂಡು, ನನ್ನ ಕುರ್ಚಿ ಎಳೆದುಕೊಂಡು, ತಿದ್ದಲು ಕುಳಿತರು.