ಬೆನ್ನಿಗೆ ಬಿದ್ದವಳ ಕಾಲು

ನನ್ನ ಬಲ ಹೆಗಲಿನ ಕೆಳಗೆ ಅಂಗೈ ಅಗಲದ ಒಂದು ಜಾಗ ಮರಗಟ್ಟಿ ಕೂತಿದೆ. ಚಿವುಟಿದರೆ ಗೊತ್ತಾಗಲ್ಲ, ಬಿಸಿನೀರು ಹುಯ್ದರೆ ಗೊತ್ತಾಗಲ್ಲ, ಸೊಳ್ಳೆ ಕೂತು ಹಬ್ಬದೂಟ ಮಾಡಿಕೊಂಡು ಹೋದರೂ ಗೊತ್ತಾಗಲ್ಲ. ಅದರ ಸುತ್ತ ಮಾತ್ರ ಇರುವೆ ಹರಿದ ಹಾಗೆ ಜುಮುಜುಮು. ಇದಕ್ಕೆ ಕಾರಣ ಬೆಟ್ಟ ಹತ್ತೋರು ಹಾಕಿಕೊಳ್ಳೋ ಒಂದು ಬ್ಯಾಗು. ಬ್ಯಾಗಿಗೆ ಕಾರಣ ನನ್ನ ತಂಗಿ.

ನಮ್ಮಪ್ಪ ವರ್ಷವರ್ಷವೂ ಊರಿನಿಂದ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋಗೋರು. ನಾವೂ ಬರ್ತೀವಿ ಅಂತ ಅಕ್ಕತಂಗಿ ಇಬ್ಬರೂ ಅತ್ತರೆ, “ಎಣ್ಣೈಕಳ ಕೈಲಿ ಅಷ್ಟು ದೂರ ನಡೆಯಕಾದದಾ?” ಅಂತ ಬಾಗಿಲಲ್ಲೇ ಬಿಟ್ಟು ಹೊರಡೋರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ನಾನು ಶಾಲೆಯ ಕೆಲಸದಿಂದ ರಿಟೈರಾದ ದಿನ ತಂಗಿ ನರಸೀಪುರದಿಂದ ಹೂವಿನ ಹಾರ ಹಿಡ್ಕೊಂಡು ಬಂದಿದ್ದಳು. ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, “ಅಕ್ಕ, ಕಾರ್ತಿಕ ಕಳೀಲಿ, ಮಾದಪ್ಪನ ಬೆಟ್ಟಕ್ಕೆ ನಾವಿಬ್ಬರೇ ನಡ್ಕೊಂಡು ಹೋಗೋಣ. ಯಾರಾದ್ರೂ ಬೇಡ ಅನ್ನಲಿ, ನೋಡೇಬಿಡೋಣ” ಅಂದಳು. ಅಂದವಳು ಅವಳೇ. ಇದನ್ನು ನೆನಪಿಟ್ಟುಕೊಳ್ಳಿ.

ಮಾರನೇ ವಾರವೇ ಮೈಸೂರಿಗೆ ಹೋಗಿ ಬ್ಯಾಗು ತಂದೆ. ಅದರಲ್ಲಿ ಅಕ್ಕಿ ತುಂಬಿ, ನೀರಿನ ಬಾಟಲಿ ಸಿಕ್ಕಿಸಿ, ಬೆಳಿಗ್ಗೆ ಬೆಳಿಗ್ಗೆ ಸುತ್ತೂರು ರಸ್ತೆಯಲ್ಲಿ ನಡೆಯೋ ಅಭ್ಯಾಸ ಶುರುಮಾಡಿದೆ. ನಮ್ಮ ಊರಿನ ಜನ ಒಬ್ಬರನ್ನು ಸುಮ್ಮನೆ ನಡೆಯೋಕೆ ಬಿಡ್ತಾರೆಯೇ? ಒಬ್ಬರು ಸ್ಕೂಟರ್ ನಿಲ್ಲಿಸಿ “ಏನ್ ಮಿಸ್, ಮನೇಲಿ ಜಗಳವಾ?” ಅಂತ ಕೇಳಿದರು. ಆಟೋದವನಂತೂ ಪಕ್ಕದಲ್ಲೇ ಉರುಳಿಸಿಕೊಂಡು ಬಂದು, “ಅತ್ತಿ ಮಿಸ್, ಕಾಸೇನೂ ಬ್ಯಾಡ, ನೋಡಕ್ಕಾಗಕಿಲ್ಲ” ಅಂದ. ನಡೆಯೋದು ನನ್ನ ಇಷ್ಟ ಕಣಪ್ಪ ಅಂದರೆ ಅವನಿಗೆ ಅರ್ಥವೇ ಆಗಲಿಲ್ಲ.

ತಂಗಿ ಮಾತ್ರ ಒಂದು ದಿನವೂ ಬರಲಿಲ್ಲ. ಶನಿವಾರ ಬಾ ಅಂದರೆ ಮನೆಗೆ ನೆಂಟರು. ಮುಂದಿನ ವಾರ ಅಂದರೆ ಬಿಸಿಲು. ಅದರ ಮುಂದಿನ ವಾರ ಅಂದರೆ “ಒಳ್ಳೆ ಚಪ್ಪಲಿ ಸಿಕ್ತಾ ಇಲ್ಲ ಕಣಕ್ಕ, ಎಲ್ಲಾ ಕಾಲಿಂದ ಜಾರಿಹೋಗ್ತವೆ.” ಚಪ್ಪಲಿಯಂತೆ! ನನಗೆ ತಲೆ ಚಿಟ್ಟು ಹಿಡಿದುಹೋಯಿತು. “ನೀನು ಬರಲ್ಲ ಅಂದ್ರೆ ಬರಲ್ಲ ಅನ್ನು, ಸಬೂಬು ಹೇಳಬೇಡ” ಅಂತ ಫೋನಿನಲ್ಲೇ ಕೂಗಾಡಿದೆ. ಅವಳು ನಕ್ಕು, “ಬಂದೇ ಬರ್ತೀನಿ ಅಕ್ಕ, ನೀನು ನಡೀತಿರು” ಅಂದಳು. ನಾನು ದಡ್ಡಿ, ನಡೀತಾ ಇದ್ದೆ.

ಒಂದು ಬೆಳಿಗ್ಗೆ ಬ್ಯಾಗು ಇಳಿಸಿ ಬೆನ್ನು ಮುಟ್ಟಿಕೊಂಡರೆ ಬೇರೆ ಯಾರದೋ ಬೆನ್ನು ಮುಟ್ಟಿದ ಹಾಗಾಯಿತು. ಡಾಕ್ಟರ ಹತ್ತಿರ ಓಡಿದೆ. ಅವರು ಸೂಜಿಯಲ್ಲಿ ಚುಚ್ಚಿ ನೋಡಿ, “ಭಾರ ಎಲ್ಲ ಹೆಗಲ ಮೇಲೇ ಬಿದ್ದು ನರ ಒತ್ತಿದೆ. ಬ್ಯಾಗಿನ ಸೊಂಟದ ಪಟ್ಟಿ ಬಿಗಿಯಾಗಿ ಹಾಕ್ಕೊಳ್ತೀರಿ ತಾನೆ?” ಅಂದರು. ಯಾವ ಪಟ್ಟಿ ಅಂದೆ. ಅವರು ನನ್ನ ಮುಖ ನೋಡಿದರು.

ಮನೆಗೆ ಬಂದು ನಮ್ಮೆಜಮಾನರನ್ನು ಕೇಳಿದೆ. “ಓ, ಅದಾ? ಜೋತಾಡ್ತಿತ್ತು, ಸ್ಕೂಟರ್ ಚಕ್ರಕ್ಕೆ ಸಿಕ್ಕೀತು ಅಂತ ನಾನೇ ಕತ್ತರಿಸಿದೆ” ಅಂದರು. ಕತ್ತರಿಸಿದ್ದು ಮಾತ್ರವಲ್ಲ, ನೂಲು ಬಿಚ್ಚದಿರಲಿ ಅಂತ ಬೆಂಕಿಕಡ್ಡಿ ಗೀರಿ ತುದಿಯನ್ನು ನೀಟಾಗಿ ಸುಟ್ಟಿದ್ದರು. ಆ ಪಟ್ಟಿಯಲ್ಲಿ ಸ್ಕೂಟರಿಗೆ ಗ್ಯಾಸ್ ಸಿಲಿಂಡರ್ ಬಿಗಿದು ತರುತ್ತಿದ್ದರಂತೆ. “ಎಷ್ಟು ಗಟ್ಟಿ ಗೊತ್ತಾ, ಒಂದಿಷ್ಟೂ ಅಲ್ಲಾಡಲ್ಲ!” ಅಂತ ಹೆಮ್ಮೆ ಬೇರೆ. ಸಿಲಿಂಡರ್ ಸುಖವಾಗಿತ್ತು, ಹೆಂಡತಿ ಬೆನ್ನು ಸತ್ತುಹೋಗಿತ್ತು. ಮೈಯೆಲ್ಲ ಉರಿದು ಕೂಗಾಡಿದೆ. ಕೊನೆಗೆ ಅವರೇ, “ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ” ಅಂತ ಗೊಣಗಿಕೊಂಡು ಪೇಪರ್ ಎತ್ತಿಕೊಂಡರು.

ಸ್ವಲ್ಪ ದಿನ ಭಾರ ಹೊರಬೇಡಿ, ಸರಿಹೋಗುತ್ತೆ ಅಂತ ಡಾಕ್ಟರು ಹೇಳಿದ್ದರು. ಆದರೆ ಕಾರ್ತಿಕ ಕಳೆಯೋಕೆ ಇನ್ನೆಷ್ಟು ದಿನ! ಎಣ್ಣೆ ಹಚ್ಚಿ ನೋಡಿದೆ, ಬಿಸಿನೀರಿನ ಚೀಲ ಇಟ್ಟು ನೋಡಿದೆ. ನಮ್ಮ ಜೊತೆ ಇರೋ ಅಮ್ಮ ಮೊದಲು ನಂಜುಂಡನಿಗೆ ಉರುಳುಸೇವೆ ಮಾಡು ಅಂದರು. ಬೆನ್ನೇ ಗೊತ್ತಾಗದಿರೋವಾಗ ಎಲ್ಲಿ ಉರುಳಲಿ ಅಂತ ರೇಗಿದ್ದಕ್ಕೆ ಎರಡನೇ ಔಷಧಿ ತೆಗೆದರು.

“ನಿನ್ ಬೆನ್ನಿಗೆ ಬಿದ್ದೋಳು ಅವ್ಳಲ್ವಾ, ಓಗಿ ಒದೆಸ್ಕೊಂಡು ಬಾ.”

ಬೆನ್ನಿಗೆ ಬಿದ್ದವಳು ಅಂದರೆ ನನ್ನ ನಂತರ ಹುಟ್ಟಿದವಳು, ತಂಗಿ. ಅವಳು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಎಡಗಾಲಲ್ಲಿ ಮೂರು ಸಲ ಒದ್ದರೆ ಬೆನ್ನಿನ ಉಳುಕು, ಹಿಡಿತ ಬಿಟ್ಟುಹೋಗುತ್ತೆ ಅನ್ನೋದು ನಮ್ಮ ಕಡೆಯ ನಂಬಿಕೆ. ಚಿಕ್ಕಂದಿನಲ್ಲಿ ಊರಿನ ಗಂಡಸರೆಲ್ಲ ನಮ್ಮ ಹೊಸ್ತಿಲಿಗೆ ಅಡ್ಡ ಬೋರಲು ಮಲಗೋರು, ಈ ಪುಟ್ಟಿ ಲಂಗ ಎತ್ತಿಕೊಂಡು ಒದೆಯೋಳು. ಒದ್ದಿದ್ದಕ್ಕೆ ಅವಳಿಗೆ ಕೊಬ್ಬರಿ, ಬೆಲ್ಲ. ನನಗೆ ಮಲಗಿದ್ದವರಿಗೆ ನೀರು ತಂದುಕೊಡೋ ಕೆಲಸ. ಒಂದೇ ಒಂದು ಸಲ ನಾನೂ ಒದೀತೀನಿ ಅಂದಿದ್ದಕ್ಕೆ ಅಮ್ಮ ಕಿವಿ ಹಿಂಡಿದ್ದರು.

ಜೀವಮಾನವೆಲ್ಲ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಆದರೂ ನರಸೀಪುರದ ಬಸ್ಸು ಹತ್ತಿದೆ. ಒದೆಗಾಗಿ ಅಲ್ಲ, ಬೆಟ್ಟಕ್ಕೆ ಬರ್ತೀಯೋ ಇಲ್ಲವೋ ಅಂತ ಅವಳ ಬಾಯಿಂದ ಇತ್ಯರ್ಥ ಮಾಡಿಕೊಂಡು ಬರೋಕೆ. ಒದೆ ಅದರ ಜೊತೆಗೆ, ಅಮ್ಮನ ಸಮಾಧಾನಕ್ಕೆ.

ತಂಗಿ ಹಿತ್ತಲಿಂದ ಹುಣಸೆಕಾಯಿ ಮಡಿಲಲ್ಲಿ ತುಂಬಿಕೊಂಡು ಬಂದಳು. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. “ಲೇ, ಇನ್ನೊಂದೆಲ್ಲೇ? ಮೈಮೇಲೆ ಜ್ಞಾನ ಬೇಡವಾ?” ಅಂದೆ. ಅವಳು ಕೆಳಗೆ ನೋಡಿ, “ಅಯ್ಯೋ, ಹೌದಲ್ಲ” ಅಂತ ನಕ್ಕಳು. ಅಮ್ಮನ ಔಷಧಿ ಹೇಳಿದಾಗ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಳು. ಆಮೇಲೆ ಯಾಕೋ, “ಬೇಡ ಬಿಡಕ್ಕ, ನನ್ನ ಕಾಲಲ್ಲಿ ಆ ಗುಣ ಈಗಿಲ್ಲ” ಅಂದಳು. ನೋಡಿ, ಅದಕ್ಕೂ ಸಬೂಬು! ಬಸ್ಸಲ್ಲಿ ನಿಂತುಕೊಂಡು ಬಂದಿದ್ದೀನಿ, ಒದಿ ಸುಮ್ಮನೆ ಅಂತ ಗದರಿಸಿ, ತಿಳಿ ಹಳದಿ ಚೂಡಿದಾರದಲ್ಲೇ ಹೊಸ್ತಿಲಿಗೆ ಅಡ್ಡ ಮಲಗಿದೆ.

ಬಾಗಿಲ ಚೌಕಟ್ಟು ಹಿಡಿದುಕೊಂಡು ಅವಳು ನಿಂತದ್ದು ಗೊತ್ತಾಯಿತು. ಆಮೇಲೆ ಏನೂ ಗೊತ್ತಾಗಲಿಲ್ಲ. ಎದೆ ಮಾತ್ರ ನೆಲಕ್ಕೆ ಸ್ವಲ್ಪ ಒತ್ತಿತು.

“ಇಟ್ಟೇನೇ ಕಾಲು?”

“ಇಟ್ಟಿರಬೇಕು ಅಕ್ಕ. ನೀನು ಹೇಳು.”

“ನಾನೇನು ಹೇಳಲಿ, ಒದೀತಿರೋಳು ನೀನು!”

ಎದೆ ಇನ್ನೆರಡು ಸಲ ನೆಲಕ್ಕೆ ಒತ್ತಿತು. ನಾನು ಬೈಯುತ್ತಾ ಎದ್ದು ಕೂತೆ. ಅವಳು ನನ್ನ ಬೆನ್ನು ನೋಡಿ, “ಅಯ್ಯೋ, ರಕ್ತ” ಅಂದಳು. ಬಟ್ಟೆ ಎಳೆದು ತಿರುಗಿಸಿ ನೋಡಿಕೊಂಡರೆ ಹಳದಿಯ ಮೇಲೆ ಒಂದಲ್ಲ, ಮೂರು ಚುಕ್ಕೆ. ನನ್ನ ಬೆನ್ನಿಗೆ ಏನೋ ಆಗಿದೆ ಅಂತ ಅವಳು ತಡಕಿದಳು. ಗಾಯ ಇರಲಿಲ್ಲ, ಗೀರಿತ್ತು ಅಷ್ಟೇ. ನಾನು ಅವಳ ಎಡಗಾಲು ಎಳೆದು ಅಂಗಾಲು ತಿರುಗಿಸಿದೆ. ಹೆಬ್ಬೆರಳ ಬುಡದಲ್ಲಿ ಜಾಲಿಮುಳ್ಳು ಮುರಿದು ಕೂತಿತ್ತು. ಹಿತ್ತಲಿಂದ ಅದರ ಮೇಲೇ ನಡೆದುಕೊಂಡು ಬಂದು, ಅದರಲ್ಲೇ ನನ್ನನ್ನು ಮೂರು ಸಲ ಒದ್ದಿದ್ದಳು. ಚುಚ್ಚಿದ್ದು ನನಗೂ ಗೊತ್ತಾಗಿರಲಿಲ್ಲ, ಅವಳಿಗೂ ಗೊತ್ತಾಗಿರಲಿಲ್ಲ.

“ಯಾವಾಗಿಂದ?”

“ಶುಗರ್ ಕಣಕ್ಕ. ನೀನು ರಿಟೈರಾದ ಮೇಲೆ ಜಾಸ್ತಿ ಆಯ್ತು. ಮೊಣಕಾಲ ಕೆಳಗೆ ನೆಲ ಇದೆಯೋ ಇಲ್ವೋ ಗೊತ್ತಾಗಲ್ಲ.”

ಬಾಯಿಗೆ ಬಂದ ಹಾಗೆ ಬೈದೆ. ಮೊದಲೇ ಹೇಳೋಕೆ ನಿನಗೇನು ರೋಗ, ನಾನೇನು ಹೊರಗಿನವಳಾ, ಅಷ್ಟು ದಿನ ಅಕ್ಕಿ ಹೊತ್ತು ಊರಿಗೆಲ್ಲ ನಗೆಪಾಟಲಾದೆನಲ್ಲ ಅಂದೆ. ಅವಳು ಸೆರಗಿಂದ ನನ್ನ ಬೆನ್ನು ಒರೆಸುತ್ತಾ ಇದ್ದಳು. ಒರೆಸುತ್ತಿದ್ದಾಳೆ ಅಂತ ಅವಳ ಬಳೆ ಸದ್ದಿನಿಂದ ಗೊತ್ತಾಯಿತು.

“ಹೇಳಿದ್ರೆ ನೀನು ಬ್ಯಾಗ್ ಇಳಿಸಿಬಿಡ್ತಿದ್ದೆ ಅಕ್ಕ,” ಅಂದಳು.

ನನಗೆ ಸಿಟ್ಟು ಬಂತು, ಅಳುವೂ ಬಂತು. ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಪಿನ್ನಿನ ಮೊನೆಯಿಂದ ಮುಳ್ಳು ಕೀಳೋಕೆ ಶುರುಮಾಡಿದೆ. ಆಳಕ್ಕೆ ಹೋಗಿತ್ತು. ನೋಯುತ್ತೆ, ತಡ್ಕೋ ಅಂತ ಅಭ್ಯಾಸಬಲದಿಂದ ಅಂದುಬಿಟ್ಟೆ. ಅವಳು ಹುಣಸೆಕಾಯಿ ಚೀಪುತ್ತಾ ಬೀದಿ ಕಡೆ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ತಿರುಗಿ, “ಬಂತೇನಕ್ಕ?” ಅಂತ ಕೇಳಿದಳು.